ಎಡಗಾಲಿಗೊಂದು ಮಣೆ

ಮಂಕಿ ಟೋಪಿ ಇಲ್ಲದ ಅವರ ಮುಖವನ್ನು ನಾನು ಮೊದಲ ಸಲ ನೋಡಿದ್ದು ಬಾಗಿಲಿಗೆ ಅಂಟಿಸಿದ ಒಂದು ಪೋಸ್ಟರಿನಲ್ಲಿ. ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಹಟ್ಟಿಯ ಏರು ಮುಗಿಯುವಲ್ಲಿ ಇರುವ ಅವರದೇ ತಗಡಿನ ಗ್ಯಾರೇಜು ಶೆಡ್ಡಿನ ಬಾಗಿಲು ಅದು. ಮೇಲೆ ತಮಿಳಿನಲ್ಲಿ ‘ಕಣ್ಣೀರ್ ಅಂಜಲಿ’, ಅಂದರೆ ಶ್ರದ್ಧಾಂಜಲಿ, ಎಂದು ದೊಡ್ಡಕ್ಷರ, ಎರಡು ಬದಿಗೆ ಎರಡು ದೀಪದ ಚಿತ್ರ, ನಡುವೆ ಎಣ್ಣೆ ಹಚ್ಚಿ ನೀಟಾಗಿ ತಲೆ ಬಾಚಿಕೊಂಡ ಒಬ್ಬ ಗಂಡಸು. ಪಾಪ, ಯಾರೋ ಅವರ ನೆಂಟರಿರಬೇಕು ಎಂದುಕೊಂಡೆ. ಆಮೇಲೆ ಎಡ ಹುಬ್ಬಿನ ಮೇಲಿನ ಸಣ್ಣ ಗಾಯದ ಗುರುತು ಕಂಡಿತು.

ಎಷ್ಟು ಹೊತ್ತು ಹಾಗೆ ನೋಡುತ್ತಿದ್ದೆನೋ ಗೊತ್ತಿಲ್ಲ. ಹಿಂದೆ ತರಕಾರಿ ಲಾರಿಯವನು ಹಾರನ್ ಹೊಡೆದಾಗ ಎಚ್ಚರವಾಯಿತು. ನಾನು ಕಾರನ್ನು ಏರಿನಲ್ಲಿ, ಹ್ಯಾಂಡ್‌ಬ್ರೇಕ್ ಎಳೆಯದೆ, ಕ್ಲಚ್ಚನ್ನು ಅರ್ಧ ತುಳಿದು ಹಿಡಿದು ನಿಲ್ಲಿಸಿಕೊಂಡಿದ್ದೆ. ಗಾಡಿ ಮುಂದಕ್ಕೂ ಹೋಗದೆ ಹಿಂದಕ್ಕೂ ಜಾರದೆ ನಡುಗುತ್ತ ನಿಂತಿತ್ತು. ಕಿಟಕಿಯಿಂದ ಸುಟ್ಟ ವಾಸನೆ ಒಳಗೆ ಬರುತ್ತಿತ್ತು. ಇದನ್ನು ಮಾತ್ರ ಮಾಡಕೂಡದು ಎಂದು ನನಗೆ ಕಲಿಸಿದವರು ಆ ಪೋಸ್ಟರಿನಲ್ಲಿದ್ದ ಮನುಷ್ಯ.

ಅವತ್ತು ನಾನು ಊಟಿಗೆ ಹೊರಟಿದ್ದು ಮಗಳ ಟಿ.ಸಿ. ತರಲು. ಹನ್ನೆರಡನೇ ಕ್ಲಾಸು ಮುಗಿಸಿದ್ದಳು. ದಾರಿಯಲ್ಲಿ ಶೆಡ್ಡಿನಲ್ಲಿ ಅವರನ್ನೂ ಕಾಣುವುದಿತ್ತು. ಕ್ಲಚ್ ಪೆಡಲು ಕೆಲವು ದಿನದಿಂದ ತೀರ ಮೇಲೆ ಬಂದು ಕಚ್ಚುತ್ತಿತ್ತು. ಏಳು ವರ್ಷದ ಹಿಂದೆ ಅವರೇ ಆರಿಸಿ ಹಾಕಿದ ಕ್ಲಚ್ಚು. ಅದರ ಕಾಲ ಮುಗಿಯಿತೆಂದು ಕಾಣುತ್ತದೆ, ನೋಡಿ ಎಂದು ಹೇಳುವವಳಿದ್ದೆ.

ಎಲ್ಲರೂ ಅವರನ್ನು ಮೇಸ್ತ್ರಿ ಎನ್ನುತ್ತಿದ್ದರು. ಹೆಸರು ನನಗೆ ಗೊತ್ತು, ಆದರೆ ಬರೆಯುವುದಿಲ್ಲ. ಶೆಡ್ಡಿಗೆ ಒಂದು ಬೋರ್ಡು ಕೂಡ ಹಾಕಿಕೊಳ್ಳದವರ ಹೆಸರನ್ನು ನಾನೇಕೆ ಎತ್ತಲಿ. ಬೋರ್ಡು ಯಾಕಿಲ್ಲ ಎಂದು ಒಮ್ಮೆ ಕೇಳಿದ್ದೆ. “ಮೂವತ್ತಾರು ತಿರುವು ಹತ್ಕಂಡು ಬಂದ ಗಾಡಿ ಇಲ್ಲಿಗೆ ಬರೋ ಹೊತ್ಗೆ ತಾನಾಗೇ ನಿಲ್ತದೆ ಅಮ್ಮಣ್ಣಿ. ಅದುಕ್ಕೆ ಓದಕ್ಕೆ ಬರಲ್ಲ” ಎಂದಿದ್ದರು.

ಅಮ್ಮಣ್ಣಿ ಎಂದೇ ಅವರು ನನ್ನನ್ನು ಕರೆಯುತ್ತಿದ್ದುದು. ಈ ಮಾತು ಗುಂಡ್ಲುಪೇಟೆ ಕಡೆಯೂ ಉಂಟು, ಬೆಟ್ಟದಾಚೆ ಕೊಯಮತ್ತೂರು ಕಡೆಯೂ ಉಂಟು. ಅವರ ಬಾಯಲ್ಲಿ ಎರಡೂ ಸೇರಿ ಬರುತ್ತಿತ್ತು. ಅವರ ತಾತ ಕರೆಂಟಿನ ಪವರ್‌ಹೌಸು ಕಟ್ಟುವ ಕಾಲದಲ್ಲಿ ಕೂಲಿಗೆಂದು ಗುಂಡ್ಲುಪೇಟೆ ಕಡೆಯಿಂದ ಮಸಿನಗುಡಿಗೆ ಬಂದವರಂತೆ. ಇವರು ಓದಿದ್ದು ತಮಿಳು ಸ್ಕೂಲಿನಲ್ಲಿ, ಅದೂ ಐದನೆಯವರೆಗೆ. ಕನ್ನಡ ಅಕ್ಷರ ಕಲಿತದ್ದು ಮೈಸೂರಿನ ಲಾರಿಗಳ ಹಿಂಬದಿ ಓದಿ. ನನ್ನದೂ ಹೆಚ್ಚು ಕಡಿಮೆ ಅದೇ ಕಥೆ. ಕಾನ್ವೆಂಟಿನಲ್ಲಿ ಇಂಗ್ಲಿಷು, ಬೀದಿಯಲ್ಲಿ ತಮಿಳು. ಕನ್ನಡ ಓದಲು ಸಲೀಸಾದದ್ದು ಮದುವೆಯಾದ ಮೇಲೆ, ಮನೆಯವರು ತರಿಸುತ್ತಿದ್ದ ಪೇಪರಿನಿಂದ. ಹಾಗಾಗಿ ಅವರ ಸೊಟ್ಟ ಅಕ್ಷರಗಳನ್ನು ಕಂಡರೆ ನನಗೆ ಒಂದು ಬಗೆಯ ಸಲಿಗೆ.

ಚಳಿ ಇರಲಿ ಇಲ್ಲದಿರಲಿ, ಕಂದು ಬಣ್ಣದ ಮಂಕಿ ಟೋಪಿ. ಅದರ ಮಡಿಕೆಯಲ್ಲಿ ಒಂದು ಮೋಟು ಪೆನ್ಸಿಲು. ಸ್ವೆಟರಿನ ಎಡ ತೋಳಿನ ತುದಿ ಬಿಚ್ಚಿಕೊಂಡು ಒಂದೆಳೆ ನೂಲು ಸದಾ ಜೋತಾಡುತ್ತಿತ್ತು. ಅದು ಗೇರಿಗೆ ಸಿಕ್ಕಿಕೊಳ್ಳುತ್ತದೆಂದು ಅವರ ಹೆಂಡತಿ ಬೈದಾಗಲೆಲ್ಲ ಹಲ್ಲಿನಿಂದ ಕಚ್ಚಿ ತುಂಡು ಮಾಡಿ, ಆ ತುಂಡನ್ನು ಕಸಕ್ಕೆ ಹಾಕದೆ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಗಾಡಿಯ ಒಳಗೆ ಕೂರುವ ಮುಂಚೆ ಸೀಮೆಎಣ್ಣೆಯಲ್ಲಿ ಕೈ ತೊಳೆದು, ಮರದ ಹೊಟ್ಟಿನಲ್ಲಿ ಉಜ್ಜಿ, ಆಮೇಲೆ ಸೋಪು ಹಾಕಿ, ಸೀಟಿನ ಮೇಲೆ ಎಸ್ಟೇಟಿನ ಚಹಾ ಸೊಪ್ಪು ತುಂಬುವ ಚೀಲವನ್ನು ಹಾಸಿ ಕೂರುವರು. ನಮ್ಮ ಕಾನ್ವೆಂಟಿನ ಸಿಸ್ಟರುಗಳು ಪ್ರಾರ್ಥನೆಗೆ ಚಾಪೆಲಿಗೆ ಹೋಗುವಾಗ ಕೂಡ ಇಷ್ಟು ಶುಚಿ ಮಾಡಿಕೊಂಡದ್ದನ್ನು ನಾನು ಕಾಣೆ.

ಅವರು ಮೂಗಿನಿಂದ ಗಾಡಿ ಗುರುತಿಸುತ್ತಿದ್ದರು. ನಾನೊಮ್ಮೆ ಅಲ್ಲಿ ಚಹಾ ಕುಡಿಯುತ್ತ ಕೂತಿದ್ದೆ. ಗಾಳಿ ಕೆಳಗಿನಿಂದ ಸುಟ್ಟ ಕ್ಲಚ್ಚಿನ ವಾಸನೆ ಹೊತ್ತು ಬೀಸಿತು. ಮೇಸ್ತ್ರಿ ತಲೆ ಎತ್ತಿ, “ಬಾಡಿಗೆ ಗಾಡಿ. ಒಳಗೆ ಏಳೆಂಟು ಜನ ತುಂಬ್ಕಂಡವ್ರೆ. ಬೆಂಗ್ಳೂರು ಅಂತ ಕಾಣ್ತದೆ” ಎಂದರು.

ಅವರ ಹೆಂಡತಿ ಶೆಡ್ಡಿನ ಪಕ್ಕದಲ್ಲೇ ಚಹಾದಂಗಡಿ ಇಟ್ಟುಕೊಂಡಿದ್ದರು. ಲೋಟ ತೊಳೆಯುತ್ತ, “ಡ್ರೈವರ್ ಹೆಸರೇನು, ಅವ್ನ ನಕ್ಷತ್ರ ಯಾವ್ದು, ಅದನ್ನೂ ಹೇಳ್ಬುಡಿ” ಎಂದರು.

ಸ್ವಲ್ಪ ಹೊತ್ತಿಗೆ ಆ ಗಾಡಿ ಏದುಸಿರು ಬಿಡುತ್ತ ಬಂತು. ಮೈಸೂರಿನದು. ಒಳಗೆ ಒಂಬತ್ತು ಜನ. “ನೋಡಿದ್ರಾ, ತಪ್ಪಾಯ್ತಲ್ಲ” ಎಂದು ಹೆಂಡತಿ ನಕ್ಕರು. “ಊರು ತಪ್ತು. ಕ್ಲಚ್ಚು ಸುಟ್ಟ ಕಾಲು ತಪ್ಪಲಿಲ್ಲ” ಎಂದು ಮೇಸ್ತ್ರಿ ಎದ್ದು ಹೋದರು.

ಶೆಡ್ಡಿನ ಹಿಂಗೋಡೆಯ ತುಂಬ ಮೊಳೆ ಹೊಡೆದು ಸವೆದ ಕ್ಲಚ್ ಪ್ಲೇಟುಗಳನ್ನು ನೇತುಹಾಕಿದ್ದರು. ಊಟದ ತಟ್ಟೆಯಷ್ಟಗಲದ, ನಡುವೆ ತೂತಿರುವ ಕಪ್ಪು ಬಿಲ್ಲೆಗಳು. ಒಂದೊಂದರ ಕೆಳಗೂ ಸೀಮೆಸುಣ್ಣದಲ್ಲಿ ಒಂದು ಸಾಲು. ಹೆಸರಲ್ಲ, ಆ ಪ್ಲೇಟು ಏನು ಹೇಳಿತೋ ಅದು. ‘ಪಂದಲೂರು ಲಾರಿ – ಆತುರ’. ‘ಬ್ಯಾಂಕ್ ಸಾರ್ – ಕಾಲು ಭಾರ’. ‘ಕೋತಗಿರಿ ಡಾಕ್ಟ್ರು – ಫೋನು’. ಪ್ಲೇಟನ್ನು ಬೆಳಕಿಗೆ ಓರೆ ಮಾಡಿ, ಅದರ ಮೇಲೆ ಬೆರಳಾಡಿಸಿ, ಓಡಿಸಿದವರು ಎಂಥವರೆಂದು ಹೇಳುವರು. ಹೆಂಡತಿ ಚಹಾದಂಗಡಿಯಿಂದಲೇ, “ಶುರುವಾಯ್ತು ಜಾತಕ” ಎನ್ನುವರು. ಆದರೆ ಅವರು ಓದುವಾಗ ಆಕೆ ಸ್ಟವ್ ಸಣ್ಣ ಮಾಡಿ ಕಿವಿ ಕೊಡುತ್ತಿದ್ದುದನ್ನು ನಾನು ಕಂಡಿದ್ದೇನೆ.

ನಾವು ಅವರ ಬಳಿ ಮೊದಲು ಹೋದದ್ದು ಮಗಳು ಐದನೇ ಕ್ಲಾಸಿನಲ್ಲಿದ್ದಾಗ.

ನಮ್ಮ ಮನೆ ಮಸಿನಗುಡಿ ಪಕ್ಕದ ಮಾವನಲ್ಲ ಎಂಬ ಊರಿನಲ್ಲಿ. ಮನೆಯವರಿಗೆ ಮಸಿನಗುಡಿಯಲ್ಲಿ ಹಾರ್ಡ್‌ವೇರ್ ಅಂಗಡಿ. ಅವರಿಗೆ ಬೇರೆ ಯಾವ ಚಟವೂ ಇಲ್ಲ, ಈ ಹಸಿರು ಕಾರೊಂದನ್ನು ಬಿಟ್ಟು. ಹಳೆಯ ಗಾಡಿ. ಆ ವರ್ಷ ಕೊಯಮತ್ತೂರಿಗೆ ಒಯ್ದು, ಎಂಜಿನ್ನಿಗೆ ಗಾಳಿ ಊದುವ ಟರ್ಬೊ ಕೂರಿಸಿ, ಇನ್ನೂ ಏನೇನೋ ಬದಲಿಸಿಕೊಂಡು ಬಂದರು. ಏರಿನಲ್ಲಿ ಅದು ಸಿಳ್ಳೆಯಂಥ ಒಂದು ಸದ್ದು ಮಾಡಿಕೊಂಡು ಚಿಮ್ಮುತ್ತಿತ್ತು. ಭಾನುವಾರ ಅವರು ಒಬ್ಬರೇ ಮೇಲೆ ಹೋಗಿ ಕೆಳಗೆ ಬರುವರು. ಸ್ಕೂಲಿರುವ ಐದು ದಿನ ಓಡಿಸುತ್ತಿದ್ದವಳು ನಾನು: ಬೆಳಿಗ್ಗೆ ಮಗಳನ್ನು ಊಟಿಯ ಕಾನ್ವೆಂಟಿಗೆ ಬಿಟ್ಟು ಬರುವುದು. ಸಂಜೆ ಅವಳು ಪಕ್ಕದ ಮನೆಯ ಮಕ್ಕಳ ಜೊತೆ ಬಸ್ಸಿನಲ್ಲಿ ಇಳಿಯುತ್ತಿದ್ದಳು. ಬೆಳಗಿನ ಬಸ್ಸು ಮಾತ್ರ ಸ್ಕೂಲಿನ ಹೊತ್ತಿಗೆ ಹೊಂದುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಆ ಸಿಳ್ಳೆ ನನಗೂ ಇಷ್ಟವಾಗಿತ್ತು.

ಎರಡು ತಿಂಗಳಿಗೆ ಕ್ಲಚ್ಚು ಜಾರತೊಡಗಿತು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ನು ಕೂಗುತ್ತದೆ, ಗಾಡಿ ಮಾತ್ರ ಏರುವುದಿಲ್ಲ. ಮೇಸ್ತ್ರಿಯ ಶೆಡ್ಡಿನಲ್ಲಿ ಮನೆಯವರು ಫೋನು ತೆಗೆದು ಒಂದು ಚಿತ್ರ ತೋರಿಸಿದರು. ರೇಸಿಗೆ ಹಾಕುವ ಕ್ಲಚ್ಚು. ಪ್ಲೇಟಿನ ಸುತ್ತ ಮೆತ್ತನೆಯ ಪಟ್ಟಿಯ ಬದಲು ನಾಲ್ಕು ಲೋಹದ ಬಿಲ್ಲೆಗಳು, ಮೇಲಿನಿಂದ ಅಮುಕಲು ದಪ್ಪ ಸ್ಪ್ರಿಂಗು.

“ಪವರ್ ಜಾಸ್ತಿಯಾಯ್ತು ಮೇಸ್ತ್ರಿ, ಕಂಪನಿ ಕ್ಲಚ್ಚು ತಡೀಲಿಲ್ಲ. ಇದು ಎರಡರಷ್ಟು ತಡೆಯುತ್ತಂತೆ. ಇದನ್ನೇ ತರಿಸ್ತೀನಿ.”

ಮೇಸ್ತ್ರಿ ಚಿತ್ರವನ್ನು ದೂರ ಹಿಡಿದು ನೋಡಿ, “ಒಳ್ಳೇ ಮಾಲು. ಸುಳ್ಳು ಹೇಳಲ್ಲ. ಯಾರು ಓಡ್ಸದು ಸಾರ್ ಗಾಡಿಯ?” ಎಂದರು.

“ನಾನೇ. ಇವಳೂ ಓಡಿಸ್ತಾಳೆ.”

“ಅಮ್ಮಣ್ಣಿ ವಾರಕ್ಕೆ ಎಷ್ಟು ದಿನ?”

ನಾನು ಐದು ಎಂದೆ. ಅವರು ಟೋಪಿಯಿಂದ ಪೆನ್ಸಿಲು ತೆಗೆದು ಒಂದು ರಟ್ಟಿನ ಮೇಲೆ ಐದು ಎಂದು ಬರೆದುಕೊಂಡರು. ಮನೆಯವರ ಕಡೆ ತಿರುಗಿ, “ಇದು ಹಾಕಿದ್ರೆ ಪೆಡಲು ಬಂಡೆ ಥರ ಆಯ್ತದೆ. ಅಮ್ಮಣ್ಣಿಗೆ ಕಷ್ಟ” ಎಂದರು.

“ಏನು ಮಾಡೋದು. ಇವಳು ಬಿಟ್ಟುಬಿಡಲಿ. ಬೇಕಾದ್ರೆ ಮಗೂನ ಹಾಸ್ಟೆಲ್‌ಗೆ ಹಾಕಿದರಾಯ್ತು. ಇವಳು ಇದ್ದ ಹಾಸ್ಟೆಲ್ಲೇ ತಾನೆ” ಎಂದರು ಮನೆಯವರು.

ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಆರನೇ ವಯಸ್ಸಿನಿಂದ ನಾನು ಅಲ್ಲಿದ್ದೆ ಎಂಬುದು ಅವರಿಗೆ ಒಂದು ಹೆಮ್ಮೆ. ಭಾನುವಾರ ಮಧ್ಯಾಹ್ನ ಸಾಲಾಗಿ ಕೂತು ಮನೆಗೆ ಕಾಗದ ಬರೆದು, ಲಕೋಟೆ ಅಂಟಿಸದೆ ಸಿಸ್ಟರ್ ಕೈಗೆ ಕೊಡಬೇಕಿತ್ತೆಂದು, ಹತ್ತು ವರ್ಷ ನಾನು ಬರೆದ ಕಾಗದವೆಲ್ಲ ‘ನಾನು ಚೆನ್ನಾಗಿದ್ದೇನೆ, ಸಂತೋಷವಾಗಿದ್ದೇನೆ’ ಎಂದೇ ಶುರುವಾಗುತ್ತಿತ್ತೆಂದು ನಾನು ಅವರಿಗೆ ಹೇಳಿಯೇ ಇರಲಿಲ್ಲ. ಮಗಳನ್ನು ಅಲ್ಲಿಗೆ ಬಿಡುವುದಿಲ್ಲ ಎಂದು ಅವಳು ಹುಟ್ಟಿದ ದಿನವೇ ಅಂದುಕೊಂಡಿದ್ದೆ. ಅದನ್ನೂ ಹೇಳಿರಲಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಅಭ್ಯಾಸ ನನಗೆ ಆ ಹಾಸ್ಟೆಲ್ಲಿನಲ್ಲೇ ಆದದ್ದು. ಆಗಲೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದೆ.

ಮೇಸ್ತ್ರಿ ಬರೆಯುವುದನ್ನು ನಿಲ್ಲಿಸಿ ನನ್ನ ಮುಖವನ್ನೊಮ್ಮೆ, ಬೆರಳನ್ನೊಮ್ಮೆ ನೋಡಿದರು. “ಇಬ್ರೂ ಕೂತ್ಕಳಿ, ಕಾಲು ತೂಕ ಮಾಡ್ಮ” ಎಂದರು.

ಈ ಕಾಲು ತೂಕವನ್ನು ನಾನು ಬೇರೆಲ್ಲೂ ಕಂಡಿಲ್ಲ. ಹಲಗೆಗೆ ಬಿಗಿದ ಒಂದು ಹಳೆಯ ಕಾರ್ ಸೀಟು. ಅದರ ಮುಂದೆ, ಕಾರಿನಲ್ಲಿ ಪೆಡಲು ಎಷ್ಟು ದೂರವೋ ಅಷ್ಟೇ ದೂರಕ್ಕೆ, ಜನ ಮೇಲೆ ನಿಂತು ತೂಕ ನೋಡುವ ಯಂತ್ರವನ್ನು ಗೋಡೆಗೆ ಓರೆಯಾಗಿ ಆನಿಸಿ ಇಡುತ್ತಿದ್ದರು. ಎಡಗಾಲಿನಲ್ಲಿ ಅದನ್ನು ಒತ್ತಬೇಕು, ಬಿಡಬೇಕು. ಒಂದು ಸಲವಲ್ಲ, ಮೂವತ್ತಾರು ಸಲ. ಅವರು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಕೆಳಗಿನ ತಿರುವಿನಿಂದ ಎಣಿಸುತ್ತಾ ಬರುವರು.

ಮೊದಲು ಮನೆಯವರು ಕೂತರು. ಮೊದಲ ಒತ್ತಿಗೇ ಮುಳ್ಳು ನಲವತ್ತು ಕಿಲೋ ದಾಟಿತು. “ಹೇಗೆ” ಎಂಬಂತೆ ನನ್ನ ಕಡೆ ನೋಡಿದರು. ಹತ್ತನೇ ತಿರುವಿಗೆ ಮೂವತ್ತು. ಇಪ್ಪತ್ತಕ್ಕೆ ಬರುವಾಗ ಮಾತು ನಿಂತಿತ್ತು. ಮೂವತ್ತಾರಕ್ಕೆ ಮುಳ್ಳು ಹದಿನೇಳರ ಹತ್ತಿರ ನಡುಗುತ್ತಿತ್ತು.

ನನ್ನದು ಶುರುವಾದದ್ದೇ ಇಪ್ಪತ್ತೆರಡರಲ್ಲಿ. ಕೊನೆಗೆ ಹದಿನೈದು.

ಮೇಸ್ತ್ರಿ ರಟ್ಟಿನ ಮೇಲೆ ಬರೆದುಕೊಂಡದ್ದು ಇಬ್ಬರ ಕೊನೆಯ ಒತ್ತಿನ ಅಂಕಿಗಳನ್ನು ಮಾತ್ರ. “ಮೊದಲ್ನೇದು ಜಂಬ ಸಾರ್. ಗಾಡಿಗೆ ಬೇಕಾದ್ದು ಕೊನೇದು. ನಿಮಗೂ ಅಮ್ಮಣ್ಣಿಗೂ ಎರಡೇ ಕಿಲೋ ವ್ಯತ್ಯಾಸ. ನೀವು ತೋರ್ಸಿದ ಕ್ಲಚ್ಚು ಇಪ್ಪತ್ತು ಇಪ್ಪತ್ತೆರಡು ಕೇಳ್ತದೆ. ಅಮ್ಮಣ್ಣಿ ಕಾಲು ಹದ್ನೈದ್ನೇ ತಿರುವಿಗೆ ಸೋಲ್ತದೆ, ನಿಮ್ದು ಇಪ್ಪತ್ತೆಂಟಕ್ಕೆ. ಅಷ್ಟೇಯ.”

“ಹೆಂಗಸರ ಕಾಲಿಗೂ ನಮ್ಮ ಕಾಲಿಗೂ...” ಎಂದೇನೋ ಶುರು ಮಾಡಿದರು ಮನೆಯವರು.

“ಕಾಲಿಗೆ ಗಂಡು ಹೆಣ್ಣು ಇಲ್ಲ ಸಾರ್. ದಣಿವು ಅಂತ ಒಂದದೆ, ಅಷ್ಟೆ” ಎಂದು ತಮ್ಮ ಎಡ ಮೊಣಕಾಲನ್ನು ತಟ್ಟಿಕೊಂಡರು. ಯಾವತ್ತೋ ಅದರ ಮೇಲೆ ಗೇರ್‌ಬಾಕ್ಸು ಬಿದ್ದು ಆ ಕಾಲು ಸರಿಯಾಗಿ ಮಡಚುತ್ತಿರಲಿಲ್ಲ. “ಇದು ಕೆಟ್ಟ ಮ್ಯಾಲೇ ನನಗೆ ಕ್ಲಚ್ಚು ಅಂದ್ರೇನು ಅಂತ ಗೊತ್ತಾಗಿದ್ದು.”

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಇಷ್ಟೆಲ್ಲ ತಿಳಿದ ಅವರು ಗಾಡಿ ಓಡಿಸುತ್ತಿದ್ದುದು ಮಹಾ ಕೆಟ್ಟದಾಗಿ. ಆ ಕಾಲಿನಿಂದಾಗಿ ಅವರ ಜೀಪು ಕಪ್ಪೆಯಂತೆ ಕುಪ್ಪಳಿಸುತ್ತ ಹೊರಡುತ್ತಿತ್ತು. ಹೆಂಡತಿ ಅದರಲ್ಲಿ ಕೂರದೆ ಊಟಿಗೆ ಬಸ್ಸಿನಲ್ಲೇ ಹೋಗುತ್ತಿದ್ದರು. ಅವರಿಗೆ ಹಟವೂ ಜಾಸ್ತಿ. ಮನಸ್ಸಿಗೆ ಒಪ್ಪದ ಕೆಲಸವಾದರೆ ಗಾಡಿಯನ್ನು ಶೆಡ್ಡಿನೊಳಗೇ ತೆಗೆದುಕೊಳ್ಳುತ್ತಿರಲಿಲ್ಲ; ಒಪ್ಪಿದರೆ ಎಷ್ಟು ದಿನವಾದರೂ ಕಾಯಿಸುವರು. ಇಳಿಜಾರಿನಲ್ಲಿ ಗೇರು ಬಿಟ್ಟು ಗಾಡಿ ಜಾರಿಸಿಕೊಂಡು ಬರುವವರನ್ನು ಕಂಡರೆ ರಸ್ತೆಗೇ ಹೋಗಿ ಮೂರು ಭಾಷೆಯಲ್ಲಿ ಬೈಯುತ್ತಿದ್ದರು. ಮಲಯಾಳದ ಬೈಗುಳ ಗೂಡಲೂರಿನಲ್ಲಿ ಕೆಲಸ ಮಾಡುವಾಗ ಕಲಿತದ್ದಂತೆ. ನಾನಿದ್ದರೆ ಮಾತ್ರ ಗಂಟಲು ಸರಿಮಾಡಿಕೊಂಡು, “ಅಮ್ಮಣ್ಣಿ, ಒಸಿ ಆ ಕಡೆ ತಿರುಗ್ಕಳಿ” ಎನ್ನುವರು.

ಮನೆಯವರು ಅಷ್ಟಕ್ಕೆ ಒಪ್ಪಲಿಲ್ಲ. ತೂಕದ ಯಂತ್ರ ಬೇರೆ, ರಸ್ತೆ ಬೇರೆ ಎಂದರು. ಮೇಸ್ತ್ರಿ ವಾದಿಸಲಿಲ್ಲ. “ಸರಿ ಸಾರ್. ಒಂದು ವಾರ ಬುಟ್ಟು ಬನ್ನಿ, ಅಂಥದೇ ಕ್ಲಚ್ಚಿನ ಗಾಡಿ ಕೊಡುಸ್ತೀನಿ. ಓಡ್ಸಿ ನೋಡಿ ಹೇಳಿ. ನಿಮ್ಮ ಗಾಡಿ ಇಲ್ಲೇ ಇರ್ಲಿ, ಹಳೇ ಕ್ಲಚ್ಚನ್ನ ಅಷ್ಟರೊಳಗೆ ಇಳಿಸಿರ್ತೀನಿ.”

ಆ ವಾರ ಮಗಳನ್ನು ಸ್ಕೂಲಿಗೆ ಬಿಡಲು ಯಾರ ಯಾರದೋ ಕೈಕಾಲು ಹಿಡಿದೆ. ಎರಡು ದಿನ ರಜೆ ಹಾಕಿಸಿದೆ. ಹಾಸ್ಟೆಲ್ಲಿನ ಮಾತನ್ನು ಮನೆಯವರು ಅತ್ತೆಯ ಮುಂದೆಯೂ ಒಮ್ಮೆ ಆಡಿದರು. ಮಗಳು ಕೇಳಿಸಿಕೊಂಡು ರಾತ್ರಿ ಊಟಕ್ಕೆ ಕೂತಾಗ, “ಅಲ್ಲಿ ಚಪಾತಿ ಕೊಡ್ತಾರಾ ಅಮ್ಮ?” ಎಂದಳು. ಕೊಡುತ್ತಾರೆ ಎಂದೆ. ಗುರುವಾರ ಮಾತ್ರ ಎಂದು ಹೇಳಲಿಲ್ಲ.

ವಾರ ಕಳೆದು ಹೋದಾಗ ಶೆಡ್ಡಿನ ಮುಂದೆ ಒಂದು ಬಿಳಿ ಕಾರಿತ್ತು. ರ‍್ಯಾಲಿಗೆ ಹೋಗುವ ಎಸ್ಟೇಟಿನವರೊಬ್ಬರದು. ಮೇಸ್ತ್ರಿ ಅವರನ್ನು ಕೇಳಿ ಒಂದು ಗಂಟೆಯ ಮಟ್ಟಿಗೆ ಇರಿಸಿಕೊಂಡಿದ್ದರು. ಮನೆಯವರು ಓಡಿಸಿದರು, ನಾನು ಪಕ್ಕದಲ್ಲಿ, ಮೇಸ್ತ್ರಿ ಹಿಂದೆ ಚೀಲ ಹಾಸಿಕೊಂಡು ಕಣ್ಣು ಮುಚ್ಚಿ ಕೂತರು. ಇಳಿಯುವುದು ಸಲೀಸಾಗಿತ್ತು. ಕೆಳಗೆ ತಿರುಗಿಸಿಕೊಂಡು ಹತ್ತುವಾಗ ಓಡಿಸಲು ನಾನು ಕೂತೆ. ಪೆಡಲನ್ನು ಒತ್ತಲು ಸೀಟಿನಿಂದ ಅರ್ಧ ಏಳಬೇಕಾಯಿತು. ಬಿಡುವಾಗ ಮೆಲ್ಲನೆ ಬಿಟ್ಟರೆ ಗಾಡಿ ಜ್ವರ ಬಂದಂತೆ ಅದುರುವುದು, ಬೇಗ ಬಿಟ್ಟರೆ ನೆಗೆದು ಆಫ್ ಆಗುವುದು. ಮೂರು ತಿರುವಿಗೆ ನಾಲ್ಕು ಸಲ ನಿಂತಿತು. “ಕೊಡು ಇಲ್ಲಿ” ಎಂದು ಮನೆಯವರು ತೆಗೆದುಕೊಂಡರು.

ಅವರು ಚೆನ್ನಾಗಿಯೇ ಓಡಿಸಿದರು. ನೇರ ಏರಿನಲ್ಲಿ ಆ ಗಾಡಿ ಬಾಣದಂತೆ ಹೋಯಿತು. ಆದರೆ ಒಂದು ತಿರುವಿನಲ್ಲಿ ಮೇಲಿನಿಂದ ಬಸ್ಸು ಬಂತು. ನಿಲ್ಲಬೇಕಾಯಿತು. ಬಸ್ಸಿಗೆ ಜಾಗ ಸಾಲದೆ ಒಂದು ಗಜ ಮುಂದೆ ಅಂಚಿಗೆ ಸರಿಯಬೇಕಾಯಿತು. ಒಂದು ಗಜ ಮೆಲ್ಲನೆ ಸರಿಯುವುದು ಆ ಕ್ಲಚ್ಚಿಗೆ ಗೊತ್ತೇ ಇರಲಿಲ್ಲ. ನೆಗೆಯಿತು, ನಿಂತಿತು. ಮತ್ತೆ ನೆಗೆಯಿತು, ನಿಂತಿತು. ನಿಂತಾಗಲೆಲ್ಲ ಗಾಡಿ ಹಿಂದಕ್ಕೆ ಜಾರಿ, ಹಿಂದಿನ ಗಾಜಿನಲ್ಲಿ ಮೋರಿಯ ಕಲ್ಲು ಹತ್ತಿರ ಬರುವುದನ್ನು ನಾನು ನೋಡುತ್ತಿದ್ದೆ. ಬಸ್ಸಿನ ಡ್ರೈವರು ಕಿಟಕಿಯಿಂದ ಬಗ್ಗಿ ತಮಿಳಿನಲ್ಲಿ, “ಎನ್ನ ಸಾರ್, ವಂಡಿಯಾ ಕುದಿರೆಯಾ?”, ಗಾಡಿಯೋ ಕುದುರೆಯೋ ಎಂದು ಕೇಳಿದ. ಬಸ್ಸಿನವರೆಲ್ಲ ನಕ್ಕರು.

ಮೇಸ್ತ್ರಿ ಕಣ್ಣು ತೆರೆಯದೆ, “ನಿಮ್ಮ ತಪ್ಪಲ್ಲ ಸಾರ್. ಅದು ಓಡಕ್ಕೆ ಮಾಡಿರೋದು. ನಿಲ್ಲಕ್ಕಲ್ಲ” ಎಂದರು.

ಶೆಡ್ಡಿಗೆ ಬಂದ ಮೇಲೆ ಮನೆಯವರು ಚಹಾ ಹೇಳಿ ಹೊರಗೆ ಬೆಂಚಿನ ಮೇಲೆ ಒಬ್ಬರೇ ಕೂತರು. ನಾನು ಒಳಗಿದ್ದೆ. ನಮ್ಮ ಕಾರಿನ ಹಳೆಯ ಪ್ಲೇಟು, ಅದನ್ನು ಅಮುಕುವ ಸ್ಪ್ರಿಂಗಿನ ಭಾಗ, ಎರಡೂ ಪೇಪರಿನ ಮೇಲಿದ್ದವು. ಮೇಸ್ತ್ರಿ ಸ್ಪ್ರಿಂಗಿನ ಎಸಳುಗಳ ತುದಿಯನ್ನು ತೋರಿಸಿದರು. ಸದಾ ಏನೋ ತಾಗಿ ಉಜ್ಜಿದಂತೆ, ಹೊಸ ಚಮಚದ ಹಾಗೆ ಹೊಳೆಯುತ್ತಿದ್ದವು.

ದನಿ ತಗ್ಗಿಸಿ ಕೇಳಿದರು: “ಅಮ್ಮಣ್ಣಿ, ಗಾಡಿ ಓಡ್ಸುವಾಗ ಎಡಗಾಲು ಎಲ್ಲಿ ಮಡಗ್ತೀರಿ?”

“ಕ್ಲಚ್ ಮೇಲೆ.”

“ತುಳೀದೆ ಇರುವಾಗಲೂ?”

“ಸುಮ್ಮನೆ ಇಟ್ಟಿರ್ತೀನಿ ಅಣ್ಣ. ಒತ್ತಲ್ಲ.”

“ಯಾಕೆ?”

“ಆನೆ ಇದ್ದರೆ?”

ನಮ್ಮ ಮಾವನಲ್ಲದ ಕಡೆಯವರಿಗೆ ಈ ಉತ್ತರ ವಿಚಿತ್ರವೆನಿಸದು. ತಿರುವಿನಾಚೆ ಆನೆ ನಿಂತಿರಬಹುದು. ತಕ್ಷಣ ರಿವರ್ಸ್ ಹಾಕಬೇಕು. ಅದಕ್ಕೆ ಕಾಲು ಕ್ಲಚ್ಚಿನ ಮೇಲೆ ತಯಾರಾಗಿರಬೇಕು. ನನಗೆ ಗಾಡಿ ಕಲಿಸಿದ ಮಾವನವರು ಹಾಗೇ ಹೇಳಿದ್ದರು.

ಮೇಸ್ತ್ರಿ ನಗಲಿಲ್ಲ. ತಮ್ಮ ಎರಡು ಅಂಗೈಗಳನ್ನು ಜೋಡಿಸಿ ತೋರಿಸಿದರು. “ಇದು ಎಂಜಿನ್ನು, ಇದು ಚಕ್ರ. ಎರಡೂ ಗಟ್ಟಿಯಾಗಿ ಅಂಟ್ಕಂಡ್ರೆ ಗಾಡಿ ಹೋಯ್ತದೆ. ಪೂರ್ತಿ ಬುಟ್ರೆ ನಿಲ್ತದೆ. ನೀವು ಕಾಲು ಮಡಗಿದ್ರೆ ಒಂಚೂರು ಸಡಿಲ ಆಯ್ತದೆ. ಅಂಟೂ ಅಂಟ್ದೆ ಹಿಂಗೆ ಉಜ್ಕತಾ ಇರ್ತವೆ.” ಅಂಗೈಗಳನ್ನು ಉಜ್ಜಿ ನನ್ನ ಕೆನ್ನೆಯ ಹತ್ತಿರ ತಂದರು, ಬಿಸಿ ತಾಗಿತು. “ಕಾಲು ಎತ್ತಿ ಪೆಡಲಿಗೆ ಇಡಕ್ಕೆ ಅರ್ಧ ಸೆಕೆಂಡು ಅಮ್ಮಣ್ಣಿ. ಆನೆ ಅಷ್ಟು ಅವಸರದ ಪ್ರಾಣಿ ಅಲ್ಲ.”

ನಾನು ಆ ಹೊಳೆಯುವ ಎಸಳುಗಳನ್ನು ಮತ್ತೊಮ್ಮೆ ನೋಡಿದೆ. “ಹಾಗಾದರೆ ಇದು ಪವರಿನಿಂದ ಹೋದದ್ದಲ್ಲ. ನನ್ನಿಂದ.”

“ಪವರೂ ಸೇರ್ಕಂಡದೆ. ನಿಮ್ಮದೂ ಸೇರ್ಕಂಡದೆ. ಸಾರ್ ನನ್ನ ಕೇಳಿದ್ದು ಯಾವ ಕ್ಲಚ್ಚು ಹಾಕ್ಬೇಕು ಅಂತ. ಹಳೇದನ್ನ ಯಾರು ಸುಟ್ರು ಅಂತ ಕೇಳಲಿಲ್ಲ.”

ಮನೆಯವರು ಲೋಟ ಹಿಡಿದು ಒಳಗೆ ಬಂದರು. ಮೇಸ್ತ್ರಿ ಎದ್ದು ನಿಂತು ಹೇಳಬೇಕಾದ್ದನ್ನು ಹೇಳಿದರು. ಲೋಹದ ಬಿಲ್ಲೆಯದು ಬೇಡ. ಸುತ್ತ ಪೂರ್ತಿ ಮೆತ್ತನೆ ಪಟ್ಟಿ ಇರುವ, ನಡುವೆ ಅದುರು ತಡೆಯುವ ಸಣ್ಣ ಸ್ಪ್ರಿಂಗುಗಳಿರುವ ಪ್ಲೇಟೇ ಇರಲಿ, ಆದರೆ ಪಟ್ಟಿ ಒಳ್ಳೆಯ ಜಾತಿಯದು. ಅಮುಕುವ ಸ್ಪ್ರಿಂಗು ಕಂಪನಿಯದಕ್ಕಿಂತ ಒಂದು ಹಂತ ಬಿಗಿ, ಎರಡು ಹಂತವಲ್ಲ. ಪೆಡಲು ಹದಿಮೂರು ಕಿಲೋ ದಾಟುವುದಿಲ್ಲ. “ಅಮ್ಮಣ್ಣಿಗೆ ಮೂವತ್ತಾರೂ ಮುಗ್ದು ಎರಡು ಕಿಲೋ ಮಿಗ್ತದೆ. ನೀವು ಕೊಯಮತ್ತೂರಿನೋರಿಗೆ ಹೇಳಿ ಗಾಳಿ ಊದೋದನ್ನ ಒಸಿ ತಗ್ಗುಸ್ಬೇಕು. ಆಗ ಎರಡೂ ಒಂದುಕ್ಕೊಂದು ಒಪ್ತವೆ. ಇಲ್ಲಾಂದ್ರೆ ನಾನು ಹಾಕಲ್ಲ.”

“ಅಷ್ಟೆಲ್ಲ ಮಾಡಿಸಿ ಈಗ ತಗ್ಗಿಸೋದಾ?”

“ಭಾನುವಾರದ ಗಾಡಿ ಬೇಕಾ, ವಾರದ ಗಾಡಿ ಬೇಕಾ ಸಾರ್. ಒಂದು ಹೇಳಿ.”

ಮನೆಯವರು ನನ್ನ ಕಡೆ ನೋಡಿದರು. ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ಆದರೂ ನಾನೇ ಮಾತಾಡಿದೆ. “ಮಗೂನ ಹಾಸ್ಟೆಲ್‌ಗೆ ಹಾಕೋದು ಬೇಡ ರೀ. ನಾನು ಅಲ್ಲಿ ಸಂತೋಷವಾಗಿರಲಿಲ್ಲ.”

ಮೇಸ್ತ್ರಿ ಬಾಗಿ ಸ್ಪ್ಯಾನರುಗಳನ್ನು ಒರೆಸತೊಡಗಿದರು. ಒರೆಸಿದವನ್ನೇ ಮತ್ತೆ ಒರೆಸಿದರು. ಮನೆಯವರು ಲೋಟವನ್ನು ಕೆಳಗಿಟ್ಟು, “ವಾರದ್ದೇ ಆಗಲಿ ಮೇಸ್ತ್ರಿ” ಎಂದರು.

ಗಾಡಿ ತರಲು ಹೋದ ದಿನ ನೋಡಿದರೆ ಕ್ಲಚ್ ಪೆಡಲಿನ ಎಡಕ್ಕೆ ಹೊಸದೊಂದು ಕೂತಿತ್ತು. ಸಿಲ್ವರ್ ಓಕಿನ ತುಂಡೊಂದನ್ನು ಓರೆಯಾಗಿ ಕೆತ್ತಿ, ಟಯರಿನ ರಬ್ಬರು ಸುತ್ತಿ, ನೆಲಕ್ಕೆ ಬಿಗಿದಿದ್ದರು. “ಕೂರೋರಿಗೆ ಮಣೆ ಕೊಡಲ್ವಾ, ಹಂಗೆ ಎಡಗಾಲಿಗೊಂದು ಮಣೆ. ಕೆಲಸ ಇಲ್ದಾಗ ಇಲ್ಲಿ ಕೂತಿರ್ಲಿ. ಮುಂದುಕ್ಕೆ ಈ ಪ್ಲೇಟು ಬಿಚ್ಚಿದಾಗ ನೀವು ನನ್ನ ಮಾತು ಕೇಳಿದ್ರೋ ಇಲ್ವೋ ಅಂತ ಅದೇ ಹೇಳ್ತದೆ” ಎಂದರು.

ಹಿಂದಿರುಗುವಾಗ ಮನೆಯವರೇ ಓಡಿಸುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಕ್ಲಚ್ಚು ಸುಟ್ಟದ್ದರಲ್ಲಿ ನನ್ನ ಪಾಲೂ ಇದೆ, ಕಾಲನ್ನು ಸದಾ ಅದರ ಮೇಲೇ ಇಟ್ಟಿರುತ್ತಿದ್ದೆ, ಆನೆಯ ಭಯಕ್ಕೆ ಎಂದೆ. ಎರಡು ತಿರುವು ಕಳೆಯಿತು. ಆಮೇಲೆ ಅವರ ಎಡಗಾಲು ಕ್ಲಚ್ಚಿನ ಮೇಲಿನಿಂದ ಮೆಲ್ಲನೆ ಎದ್ದು ಮಣೆಯ ಮೇಲೆ ಹೋಗಿ ಕೂತಿತು. “ನನಗೂ ಅಪ್ಪನೇ ಕಲಿಸಿದ್ದು ಕಣೇ” ಎಂದರು.

ಮಗಳು ಏಳು ವರ್ಷ ಮನೆಯಿಂದಲೇ ಸ್ಕೂಲಿಗೆ ಹೋದಳು.

ಪೋಸ್ಟರು ನೋಡಿದ ವಾರದಲ್ಲಿ ಮಸಿನಗುಡಿಯ ಇನ್ನೊಬ್ಬ ಮೆಕ್ಯಾನಿಕ್ಕು ಹೊಸ ಕ್ಲಚ್ಚು ಹಾಕಿಕೊಟ್ಟರು. ಮೇಸ್ತ್ರಿ ಅವತ್ತು ಕ್ಲಚ್ಚಿನ ವಿವರ ಬರೆದುಕೊಟ್ಟಿದ್ದ ರಟ್ಟಿನ ತುಂಡು ಕಾರಿನ ಡಬ್ಬಿಯಲ್ಲೇ ಇತ್ತು. ಅದನ್ನು ನೋಡಿ ಅದೇ ಬಗೆಯದನ್ನು ತರಿಸಿದೆ. ಮಣೆಯನ್ನು ಬಿಚ್ಚಬೇಡಿ ಎಂದೆ. ಹಳೆಯ ಪ್ಲೇಟನ್ನು ಪೇಪರಿನಲ್ಲಿ ಸುತ್ತಿಸಿಕೊಂಡು, ಮರುದಿನ ಕಲ್ಹಟ್ಟಿಗೆ ಹೋದೆ. ಈ ಸಲ ಹ್ಯಾಂಡ್‌ಬ್ರೇಕ್ ಎಳೆದು, ಗೇರು ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ಇಳಿದೆ.

ಚಹಾದಂಗಡಿ ತೆರೆದಿತ್ತು. ಅವರ ಹೆಂಡತಿ ಮೇಸ್ತ್ರಿಯ ಕಂದು ಸ್ವೆಟರು ತೊಟ್ಟು ಕೂತಿದ್ದರು. ತೋಳಿನ ತುದಿಯನ್ನು ಯಾರೋ ಹೆಣೆದು ಸರಿಮಾಡಿದ್ದರು. “ಗೊತ್ತಾಗಲೇ ಇಲ್ಲ ಅಕ್ಕ, ಪೋಸ್ಟರು ನೋಡಿ ಗೊತ್ತಾಯ್ತು” ಎಂದೆ. “ಗೊತ್ತಾಗಿ ಏನ್ ಮಾಡೀರಿ ಬುಡಿ. ನನಗೇ ಗೊತ್ತಾಗ್ಲಿಲ್ಲ. ಚಾ ಕುಡ್ದು ಮಲಗಿದ್ರು” ಎಂದರು.

ಪೇಪರು ಬಿಚ್ಚಿ ಪ್ಲೇಟನ್ನು ಮುಂದಿಟ್ಟೆ. “ಬಿಚ್ಚಿದಾಗ ಇದೇ ಎಲ್ಲ ಹೇಳುತ್ತೆ ಅಂದಿದ್ದರು.”

ಆಕೆ ಕೈ ಒರೆಸಿಕೊಂಡು ಅದನ್ನು ಎತ್ತಿಕೊಂಡರು. ಬೆಳಕಿಗೆ ಓರೆ ಮಾಡಿದರು. ಮೇಸ್ತ್ರಿ ಮಾಡುತ್ತಿದ್ದಂತೆಯೇ ಬೆರಳಿನಿಂದ ಅಂಚಿನ ಸುತ್ತ ಒಂದು ಸುತ್ತು ಹಾಕಿದರು. ನನಗೆ ಪರೀಕ್ಷೆಯ ಪೇಪರು ತಿದ್ದುವ ಸಿಸ್ಟರ್ ಮುಂದೆ ನಿಂತಂತಿತ್ತು.

“ಸುತ್ತಲೂ ಒಂದೇ ಸಮ ಸವ್ದದೆ. ಕಾಲು ಎತ್ತಿಟ್ಟು ಓಡ್ಸಿರೋರು” ಎಂದರು. ಬೆರಳು ಒಂದು ಕಡೆ ನಿಂತಿತು. ಅಲ್ಲಿ ಗಾಜಿನಂತೆ ಒಂದು ಸಣ್ಣ ಹೊಳಪು. “ಇಲ್ಲಿ ಮಾತ್ರ... ಇದು ಹೊಸ್ದು. ಯಾವ್ದೋ ಏರಲ್ಲಿ ಹಂಗೇ ಹಿಡ್ಕಂಡು ನಿಂತಿದ್ರಾ?”

ನಾನು ಶೆಡ್ಡಿನ ಬಾಗಿಲ ಕಡೆ ನೋಡಿದೆ. ಪೋಸ್ಟರು ಮಳೆಗೆ ಅರ್ಧ ಕಿತ್ತು ಹೋಗಿತ್ತು. ಆಕೆಯೂ ಅಲ್ಲಿಗೇ ನೋಡಿದರು.

ಬೀಗ ತೆಗೆದು ಒಳಗೆ ಕರೆದುಕೊಂಡು ಹೋದರು. ಹಿಂಗೋಡೆಯಲ್ಲಿ ಪ್ಲೇಟುಗಳೆಲ್ಲ ಹಾಗೇ ಇದ್ದವು. ಮೇಲಿನ ಸಾಲಿನ ಒಂದನ್ನು ತೋರಿಸಿ, “ಅದು ನಿಮ್ಮ ಹಳೇದು” ಎಂದರು. ಅಷ್ಟು ವರ್ಷ ಹೋಗಿ ಬಂದರೂ ಅದನ್ನು ನಾನು ಹುಡುಕಿ ನೋಡಿರಲಿಲ್ಲ. ಏನು ಬರೆದಿರುವರೋ ಎಂಬ ಅಂಜಿಕೆ. ಈಗ ಕತ್ತೆತ್ತಿ ಓದಿದೆ. ‘ಮಾವನಲ್ಲ – ಆನೆ’. ಅಷ್ಟೇ ಇತ್ತು.

ಆಕೆ ಅದರ ಪಕ್ಕದ ಮೊಳೆಗೆ ಹೊಸದನ್ನು ಸಿಕ್ಕಿಸಿ, ಕಿಟಕಿಯ ಮೇಲಿಂದ ಸೀಮೆಸುಣ್ಣದ ಚೂರು ತೆಗೆದುಕೊಟ್ಟರು. “ನನಗೆ ಓದಕ್ಕೆ ಬತ್ತದೆ, ಬರೆಯಕ್ಕೆ ಬರಲ್ಲ. ನೀವೇ ಬರೀರಿ.”

ಸ್ಟೂಲು ಹತ್ತಿ, ಅವರ ಅಕ್ಷರದ ಅಳತೆಗೆ ಸರಿಯಾಗಿ ಬರೆದೆ: ‘ಮಾವನಲ್ಲ – ಒಂದೇ ಸಲ’.